ಗುಜರಿಗೆ ಹಾಕೋ ಮುಂಚೆ ನೇಮ್‌ಪ್ಲೇಟ್ ಓದಿ

ಹೋದ ದಸರಾ ರಜೆಯಲ್ಲಿ ಮಾಗಡಿ ಹತ್ತಿರ ನಮ್ಮ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಪಂಪ್‌ಹೌಸ್ ಮುಂದೆ ಗುಜರಿಯವರ ಟೆಂಪೋ ನಿಂತಿತ್ತು. ಹಳೇ ಬಾವಿ ಮೋಟರನ್ನು ಹೊರಗೆ ಎಳೆದು ಇಟ್ಟಿದ್ದರು. ಬೀಡಿನ ಬಾಡಿ, ಮೇಲೆಲ್ಲ ತುಕ್ಕು, ಒಳಗೆ ಇಲಿ ಗೂಡು.

“ಇದ್ರಲ್ಲಿ ತಾಮ್ರ ಒಂದೇ ಮಾಲು ಸ್ವಾಮಿ, ಮಿಕ್ಕಿದ್ದೆಲ್ಲ ಬೀಡು” ಅಂತ ಅವರು ತೂಕದ ಲೆಕ್ಕ ಹೇಳ್ತಿದ್ರು.

“ದೊಡ್ಡಪ್ಪ, ಇದನ್ನ ನಂಗೆ ಕೊಡಿ” ಅಂದೆ.

“ಬಾವೀಲಿ ನೀರೇ ಇಲ್ಲ, ಬೋರ್‌ವೆಲ್ ಬಂದು ಎಷ್ಟು ವರ್ಷ ಆಯ್ತು. ನೀನು ಇದನ್ನ ಇಟ್ಕೊಂಡು ಏನ್ ಮಾಡ್ತೀಯ ಮಗ?” ಅಂದ್ರು. ಆದ್ರೂ ಕೊಟ್ರು.

ಮಾರನೇ ದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ನೇಮ್‌ಪ್ಲೇಟ್ ಕ್ಲೀನ್ ಆಗಲಿ ಅಂತ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದೆ. ತುಕ್ಕಿನ ಜೊತೆಗೆ ಅಕ್ಷರಗಳೂ ಹೋದವು. ಉಳಿದಿದ್ದು ಎರಡೇ ನಂಬರ್: 400 ಮತ್ತು 1440. ಮಾಡಿದ ಕಂಪನಿ ಯಾವುದು, ಸೀರಿಯಲ್ ನಂಬರ್ ಏನು, ಯಾವುದೂ ಈಗ ಗೊತ್ತಾಗಲ್ಲ. ಇಷ್ಟು ವರ್ಷ ಮಳೆ, ಧೂಳು ಅಳಿಸದೇ ಇದ್ದಿದ್ದನ್ನ ನಾನು ಐದು ನಿಮಿಷದಲ್ಲಿ ಅಳಿಸಿದೆ. ನೀವು ಹೀಗೆ ಮಾಡಬೇಡಿ ಅಂತ ಹೇಳೋಕೇ ಈ ಲೇಖನ.

ಎರಡು ನಂಬರ್‌ನಿಂದ ಎಷ್ಟು ಗೊತ್ತಾಗುತ್ತೆ?

ಉಳಿದ ಆ ಎರಡು ನಂಬರ್ ಕೂಡ ಸುಮ್ಮನೆ ಇಲ್ಲ. ಸಿಂಕ್ರೊನಸ್ ಸ್ಪೀಡ್ ಫಾರ್ಮುಲಾ ನೆನಪಿದೆಯಲ್ಲ? 120ನ್ನು ಫ್ರೀಕ್ವೆನ್ಸಿಯಿಂದ ಗುಣಿಸಿ ಪೋಲ್‌ಗಳ ಸಂಖ್ಯೆಯಿಂದ ಭಾಗಿಸಬೇಕು. 50 ಹರ್ಟ್ಜ್, 4 ಪೋಲ್ ಆದರೆ 1500 ಆರ್‌ಪಿಎಂ. ನಮ್ಮದು 1440, ಅಂದರೆ 60 ಕಡಿಮೆ, 4 ಪರ್ಸೆಂಟ್ ಸ್ಲಿಪ್. ಹಾಗಾಗಿ ಇದು 50 ಸೈಕಲ್‌ನ 4 ಪೋಲ್ ಇಂಡಕ್ಷನ್ ಮೋಟರ್. 400 ಅಂದರೆ ತ್ರೀ ಫೇಸ್ ವೋಲ್ಟೇಜ್. ಪ್ಲೇಟ್ ಪೂರ್ತಿ ಉಳಿದಿದ್ದರೆ ಇನ್ನೆಷ್ಟು ಗೊತ್ತಾಗ್ತಿತ್ತು ಯೋಚಿಸಿ.

ಇಲ್ಲಿ ಫ್ರೀಕ್ವೆನ್ಸಿ ಯಾಕೆ ಮುಖ್ಯ? ಅದಕ್ಕೆ ನಮ್ಮ ಭಾಗದ ಕರೆಂಟಿನ ಕಥೆ ಗೊತ್ತಿರಬೇಕು. ಶಿವನಸಮುದ್ರದ ಪವರ್ ಸ್ಟೇಷನ್ 1902ರಲ್ಲಿ ಶುರುವಾಯಿತು. ಆಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಒಪ್ಪಿಗೆಯಾದ ಯೋಜನೆ, ಅದರ ಹಿಂದೆ ಇದ್ದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಮ್ಯಾಪ್‌ನಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಒಂದು ಗೆರೆ ಎಳೆದು ನೋಡಿ, ಅದು ಕನಕಪುರ ಸೀಮೆಯ ಮೇಲೇ ಹೋಗುತ್ತೆ. 1905ರಲ್ಲಿ ಅದೇ ಕರೆಂಟ್ ಬೆಂಗಳೂರಿನ ಬೀದಿ ದೀಪಗಳಿಗೂ ಬಂತು.

ಆದರೆ ಶಿವನಸಮುದ್ರದಲ್ಲಿ ಮೊದಲು ಹುಟ್ಟಿದ್ದು 25 ಸೈಕಲ್‌ನ ಕರೆಂಟ್, ಈಗಿನ 50 ಅಲ್ಲ. ಹಾಗಾಗಿ ಹಳೇ ಮೈಸೂರು ಭಾಗದಲ್ಲಿ ತುಂಬಾ ಹಳೇ ಮೋಟರ್ ಸಿಕ್ಕರೆ ಪ್ಲೇಟ್ ಮೇಲೆ 25 ಅಂತ ಇರಬಹುದು. 4 ಪೋಲ್‌ನ ಅಂಥ ಮೋಟರಿನ ಸ್ಪೀಡ್ 750ರ ಆಸುಪಾಸು. ಅದನ್ನು ನೋಡದೆ ಇವತ್ತಿನ ಲೈನಿಗೆ ಕೊಟ್ಟರೆ ಸ್ಪೀಡ್ ಎರಡರಷ್ಟು ಆಗುತ್ತೆ. ರೋಟರ್ ಮೇಲಿನ ಸೆಂಟ್ರಿಫ್ಯೂಗಲ್ ಫೋರ್ಸ್ ನಾಲ್ಕರಷ್ಟು. ಅದೇ ವೋಲ್ಟೇಜ್‌ನಲ್ಲಿ ಫ್ಲಕ್ಸ್ ಅರ್ಧ ಆಗುತ್ತೆ, ಹಾಗಾಗಿ ಮ್ಯಾಕ್ಸಿಮಮ್ ಟಾರ್ಕ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತೆ. ಒಂದು ನಂಬರ್ ಓದದೇ ಹೋದರೆ ಮೋಟರೂ ಹೋಗಬಹುದು, ಪಕ್ಕದಲ್ಲಿ ನಿಂತವರಿಗೂ ಪೆಟ್ಟಾಗಬಹುದು.

ಎಲ್ಲಿ ಹುಡುಕಬೇಕು?

ಮ್ಯೂಸಿಯಂ ಬೇಕು ಅಂದರೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಆದರೆ ನಮ್ಮ ನಾಲ್ಕು ತಾಲೂಕುಗಳೇ ಒಂದು ಥರ ಮ್ಯೂಸಿಯಂ.

ಮಾಗಡಿ, ಕನಕಪುರದ ಕಡೆ ಹಳೇ ತೆರೆದ ಬಾವಿಗಳ ಪಂಪ್‌ಹೌಸ್ ನೋಡಿ. ನೀರು ಆಳಕ್ಕೆ ಇಳಿದ ಮೇಲೆ ಬೋರ್‌ವೆಲ್ ಒಳಗಿನ ಸಬ್‌ಮರ್ಸಿಬಲ್ ಬಂತು, ಮೇಲಿದ್ದ ಮೋಟರ್ ಹಾಗೇ ಉಳಿಯಿತು. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ಲೇತ್ ನೋಡಿ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತೆ. ಒತ್ತಿದಾಗ ಸ್ಪೀಡ್ ಬಿದ್ದರೆ ಬಣ್ಣ ಸಮ ಕೂರಲ್ಲ. ಲೋಡ್ ಬಂದರೂ ಸ್ಪೀಡ್ ಹೆಚ್ಚು ಇಳಿಯದ ಇಂಡಕ್ಷನ್ ಮೋಟರ್ ಈ ಕೆಲಸಕ್ಕೆ ಎಷ್ಟು ಸರಿ ಅಂತ ಅಲ್ಲಿ ನಿಂತು ನೋಡಿದರೆ ಪುಸ್ತಕಕ್ಕಿಂತ ಬೇಗ ಅರ್ಥ ಆಗುತ್ತೆ. ರಾಮನಗರದಲ್ಲಿ ರೇಷ್ಮೆ ಬಿಚ್ಚಾಣಿಕೆ ಮನೆಗಳಿವೆ. ಕೈಯಲ್ಲಿ ತಿರುಗಿಸೋ ಚರಕದಿಂದ ಕಾಟೇಜ್ ಬೇಸಿನ್‌ಗೆ ಬಂದಾಗ ರಾಟೆ ತಿರುಗಿಸೋ ಕೆಲಸ ಮೋಟರಿನದಾಯಿತು.

ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ 1946ರಲ್ಲಿ ಶುರುವಾಯಿತು. ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಬಂತು, ಅದು ಜರ್ಮನಿಯ ಎಇಜಿ ಕಂಪನಿಯ ಸಹಯೋಗದ್ದು. ಇಂಡಕ್ಷನ್ ಮೋಟರಿಗೆ ಟೆಸ್ಲಾ ಅವರಿಗೆ ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ಅದರ ಮರುವರ್ಷ ತ್ರೀ ಫೇಸ್ ಸ್ಕ್ವಿರಲ್ ಕೇಜ್ ಮೋಟರ್ ಮಾಡಿದ ಡೊಲಿವೊ-ಡೊಬ್ರೊವೊಲ್ಸ್ಕಿ ಕೆಲಸ ಮಾಡ್ತಿದ್ದಿದ್ದು ಇದೇ ಎಇಜಿಯಲ್ಲಿ. ಅಂದರೆ ಎನ್‌ಜಿಇಎಫ್ ಪ್ಲೇಟ್ ಇರೋ ಒಂದು ಹಳೇ ಪಂಪ್ ಮೋಟರ್‌ನ ವಂಶ ನೇರವಾಗಿ ಅಲ್ಲಿಗೆ ಹೋಗುತ್ತೆ. ಬೈಯಪ್ಪನಹಳ್ಳಿಯ ಆ ಫ್ಯಾಕ್ಟರಿ ಈಗ ಮುಚ್ಚಿದೆ.

ರಿಪೇರಿ ಬೇರೆ, ರೆಸ್ಟೊರೇಷನ್ ಬೇರೆ

ವೈಂಡಿಂಗ್ ಅಂಗಡಿಗೆ ಕೊಟ್ಟರೆ ಮೋಟರ್ ಓಡೋ ಹಾಗೆ ಮಾಡಿ ಕೊಡ್ತಾರೆ. ಹಳೇ ತಂತಿ ತೆಗೆದು ಹೊಸದು ಸುತ್ತುತ್ತಾರೆ. ರೈತರಿಗೆ ಬೇಕಾಗಿದ್ದೂ ಅದೇ, ತಪ್ಪೇನಿಲ್ಲ. ಆದರೆ ಹಳೇ ಮೋಟರಿನಲ್ಲಿ ಹತ್ತಿ ನೂಲು ಸುತ್ತಿದ ತಂತಿ, ಸ್ಲಾಟಿನಲ್ಲಿ ಪೇಪರ್, ಮೇಲೆ ವಾರ್ನಿಷ್ ಇರುತ್ತೆ. ಅದು ಆ ಕಾಲದ ಎಂಜಿನಿಯರ್ ಬರೆದ ಡಿಸೈನ್ ಪುಸ್ತಕ ಇದ್ದ ಹಾಗೆ. ಒಮ್ಮೆ ಕತ್ತರಿಸಿದರೆ ಮತ್ತೆ ಬರಲ್ಲ. ತಂತಿ ಸುಲಭವಾಗಿ ಬರಲಿ ಅಂತ ಸ್ಟೇಟರ್‌ಗೆ ಬೆಂಕಿ ಹಾಕಿದರೆ ಇನ್ನೂ ಕಷ್ಟ. ಬಿಸಿ ಜಾಸ್ತಿಯಾಗಿ ಕೋರ್‌ನ ಲ್ಯಾಮಿನೇಷನ್ ನಡುವಿನ ಇನ್ಸುಲೇಷನ್ ಸುಟ್ಟರೆ ಎಡ್ಡಿ ಕರೆಂಟ್ ಲಾಸ್ ಶಾಶ್ವತವಾಗಿ ಏರುತ್ತೆ.

ಹಾಗಾಗಿ ಕ್ರಮ ಹೀಗಿರಲಿ:

1. ಮೊದಲು ಫೋಟೋ. ಪ್ಲೇಟ್ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ, ಗುಂಡಿ ಬಿದ್ದ ಅಕ್ಷರ ನೆರಳಿನಲ್ಲಿ ಕಾಣುತ್ತೆ. ಮೆತ್ತನೆ ಬಟ್ಟೆ, ಸ್ವಲ್ಪ ಎಣ್ಣೆ ಸಾಕು. ಸ್ಯಾಂಡ್‌ಪೇಪರ್ ಬೇಡವೇ ಬೇಡ.

2. ಬಿಚ್ಚುವಾಗ ಪ್ರತಿ ವೈರಿಗೂ ಟ್ಯಾಗ್ ಕಟ್ಟಿ. ಸ್ಲಾಟ್ ಎಷ್ಟು, ಕಾಯಿಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ತಂತಿಯ ಗೇಜ್ ಎಷ್ಟು, ಎಲ್ಲ ಬರೆದಿಡಿ. ಮುಂದೆ ರೀವೈಂಡ್ ಮಾಡಲೇಬೇಕಾದರೂ ಈ ಡೇಟಾ ಉಳಿಯುತ್ತೆ. ಹಳೇ ಸ್ಟಾರ್ಟರ್ ಒಳಗೆ ಕಲ್ನಾರು ಇರಬಹುದು, ಅದನ್ನು ಉಜ್ಜಬೇಡಿ, ಧೂಳು ಊದಬೇಡಿ.

3. ಬೇರಿಂಗ್ ನೋಡಿ. ತುಂಬಾ ಹಳೇದರಲ್ಲಿ ಬಾಲ್ ಬೇರಿಂಗ್ ಬದಲು ಬಿಳಿ ಲೋಹದ ಬುಷ್, ಅದಕ್ಕೆ ಎಣ್ಣೆ ಎತ್ತಿ ಕೊಡೋ ರಿಂಗ್ ಇರುತ್ತೆ. ಇದಕ್ಕೆ ಗ್ರೀಸ್ ತುಂಬಬೇಡಿ, ಎಣ್ಣೆಯೇ ಬೇಕು.

4. ಸಪ್ಲೈ ಕೊಡೋ ಮುಂಚೆ ಮೆಗ್ಗರ್. 1970ಕ್ಕಿಂತ ಹಳೇ ವೈಂಡಿಂಗ್‌ಗೆ ಸಾಮಾನ್ಯ ಲೆಕ್ಕ: ಕಿಲೋವೋಲ್ಟ್‌ನಲ್ಲಿ ವೋಲ್ಟೇಜ್, ಅದಕ್ಕೆ 1 ಸೇರಿಸಿದರೆ ಬರೋವಷ್ಟು ಮೆಗಾ ಓಮ್ ಆದರೂ ಬೇಕು. 400 ವೋಲ್ಟ್‌ಗೆ 1.4.

5. ಕಡಿಮೆ ಬಂದರೆ ಒಣಗಿಸಿ. ಹತ್ತಿ, ಪೇಪರ್ ಎರಡೂ ತೇವ ಹೀರುತ್ತವೆ, ರೀಡಿಂಗ್ ಕಡಿಮೆ ಬಂದ ತಕ್ಷಣ ಸುಟ್ಟಿದೆ ಅಂತ ಅಲ್ಲ. ನಿಧಾನ ಬಿಸಿ ಸಾಕು. ಈ ಕ್ಲಾಸ್ ಎ ಇನ್ಸುಲೇಷನ್‌ನ ಮಿತಿಯೇ 105 ಡಿಗ್ರಿ, ಅದರ ಹತ್ತಿರಕ್ಕೂ ಹೋಗಬೇಡಿ.

6. ಡ್ರೈವ್ ಹಾಕಿ ಓಡಿಸೋಣ ಅನ್ನೋ ಆಸೆ ನಮಗೆಲ್ಲ ಇರುತ್ತೆ. ವಿಎಫ್‌ಡಿ ಕೊಡೋದು ಶುದ್ಧ ಸೈನ್ ವೇವ್ ಅಲ್ಲ, ಅದರ ವೋಲ್ಟೇಜ್ ಸ್ಪೈಕ್ ಹತ್ತಿ ನೂಲಿನ ಇನ್ಸುಲೇಷನ್‌ಗೆ ಆಗಿಬರಲ್ಲ. ಫಿಲ್ಟರ್ ಇಲ್ಲದೆ ಬೇಡ.

ನಮ್ಮ ಮೋಟರ್ ಏನಾಯ್ತು?

ಮೊದಲ ದಿನ ಮೆಗ್ಗರ್ ರೀಡಿಂಗ್ 0.2. ಹಳೇ ತಗಡಿನ ಡ್ರಮ್ಮಿನಲ್ಲಿ ಸ್ಟೇಟರ್ ಇಟ್ಟು, 100 ವಾಟ್‌ನ ಎರಡು ಹಳೇ ಬಲ್ಬ್ ಉರಿಸಿದೆ. ನಾಲ್ಕನೇ ದಿನ ತಣ್ಣಗಾದ ಮೇಲೆ ನೋಡಿದರೆ 4 ಬಂತು. ಊರಿನ ವೈಂಡಿಂಗ್ ಅಂಗಡಿಯವರನ್ನು ಕರೆದುಕೊಂಡು ಬಂದೆ. ಅವರು ಕಾಯಿಲ್‌ಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, “ಇದು ಕಂಪನಿ ವೈಂಡಿಂಗೇ ಕಣಪ್ಪ, ಯಾರೂ ಕೈ ಹಾಕಿಲ್ಲ” ಅಂದ್ರು. ಅರ್ತಿಂಗ್ ಸರಿ ಮಾಡಿ, ಅವರೇ ನಿಂತು ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿದ್ರು.

ಶಬ್ದ ಕೇಳಿ ದೊಡ್ಡಪ್ಪ ಮನೆಯಿಂದ ಎದ್ದು ಬಂದ್ರು. “ಬಾವಿ ಕಾಲದ ಸದ್ದು ಇದು” ಅಂದ್ರು, ಅಷ್ಟೇ. ಮೋಟರ್ ಈಗ ಪಂಪ್‌ಹೌಸಿನಲ್ಲೇ ಇದೆ, ಮಾರಲ್ಲ ಅಂತೆ.

ಆದರೆ ಅದು ಯಾರು ಮಾಡಿದ ಮೋಟರ್ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ವೈಂಡಿಂಗ್ ಉಳಿಸಿದೆ, ಹೆಸರು ಕಳೆದೆ. ನೀವು ಮುಂದಿನ ರಜೆಗೆ ಊರಿಗೆ ಹೋದಾಗ ಪಂಪ್‌ಹೌಸ್, ಹಳೇ ಫ್ಲೋರ್ ಮಿಲ್, ಮನೆಯ ಅಟ್ಟ ಒಮ್ಮೆ ನೋಡಿ. ಮೋಟರ್ ಹೊತ್ತುಕೊಂಡು ಬರಬೇಕಾಗಿಲ್ಲ. ಟಾರ್ಚ್ ಓರೆಯಾಗಿ ಹಿಡಿದು ನೇಮ್‌ಪ್ಲೇಟಿನ ಒಂದು ಫೋಟೋ ತೆಗೆದುಕೊಂಡು ಬನ್ನಿ. ಗುಜರಿ ಟೆಂಪೋ ನಮಗಿಂತ ಮುಂಚೆ ಹೋಗಿರುತ್ತೆ, ಆದಷ್ಟು ಬೇಗ ಹೋಗಿ.