ಗಂಡನಿಗೂ ಪರೀಕ್ಷೆ ಬೇಕು

ಮದುವೆಯಾಗಿ ಮೂರು ನಾಲ್ಕು ವರುಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಮೊದಲು ಮಾತು ಬರುವುದು ಸೊಸೆಯ ಮೇಲೆ. ಅಶ್ವತ್ಥ ಪ್ರದಕ್ಷಿಣೆ, ನಾಗಪ್ರತಿಷ್ಠೆ, ಕೊನೆಗೆ ವೈದ್ಯರಲ್ಲಿ ಪರೀಕ್ಷೆ, ಎಲ್ಲವೂ ಅವಳ ಪಾಲಿಗೆ. ಗಂಡ ಹೊರಗೆ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕುಳಿತಿರುತ್ತಾನೆ. “ನನಗೇನಾಗಿದೆ? ಗಟ್ಟಿಮುಟ್ಟಾಗಿಯೇ ಇದ್ದೇನಲ್ಲ!” ಎಂಬುದು ಅವನ ಉತ್ತರ.

ಹೆಂಗಸಿಗೆ ‘ಬಂಜೆ’ ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿದೆ. ಗಂಡಸಿಗೆ ಅದಕ್ಕೆ ಸಮನಾದ ಮಾತು ರೂಢಿಯಲ್ಲಿಲ್ಲ. ‘ಷಂಡ’ ಎಂಬುದುಂಟು, ಅದರ ಅರ್ಥ ಬೇರೆ. ಅದು ಕೂಡುವ ಶಕ್ತಿಯ ಕೊರತೆಯನ್ನು ಹೇಳುತ್ತದೆ. ಪರೀಕ್ಷೆಯೆಂದೊಡನೆ ಗಂಡಸು ಹಿಂಜರಿಯುವುದು ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ. ವಾಸ್ತವವಾಗಿ ದಾಂಪತ್ಯ ಸುಖದಲ್ಲಿ ಯಾವ ಕೊರತೆಯೂ ಇಲ್ಲದವನ ವೀರ್ಯದಲ್ಲಿಯೂ ವೀರ್ಯಾಣುಗಳು ಕಡಮೆಯಿರಬಹುದು, ಇಲ್ಲದೆಯೂ ಇರಬಹುದು. ವೀರ್ಯದ ಬಹುಭಾಗ ಬೇರೆ ಗ್ರಂಥಿಗಳಿಂದ ಬರುವ ದ್ರವ. ವೀರ್ಯಾಣುಗಳು ಹುಟ್ಟುವುದು ವೃಷಣಗಳಲ್ಲಿ. ಆದ್ದರಿಂದ ಬರಿಗಣ್ಣಿಗೆ ಏನೂ ತಿಳಿಯದು, ಸೂಕ್ಷ್ಮದರ್ಶಕವೇ ಬೇಕು.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಾರಣವೂ ಸೇರಿರುತ್ತದೆ. ವೃಷಣದ ಸಿರೆಗಳು ಉಬ್ಬಿರುವುದು, ನಾಳ ಮುಚ್ಚಿರುವುದು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ತಗಲಿ ವೃಷಣಕ್ಕೆ ಇಳಿದಿರುವುದು, ಹೊಗೆಸೊಪ್ಪಿನ ಚಟ, ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್, ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ. ಯಾವುದೂ ಗಂಡಸುತನಕ್ಕೆ ಕುಂದಲ್ಲ.

ಪರೀಕ್ಷೆ ಸುಲಭ, ನೋವಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ವೀರ್ಯವನ್ನು ಕೊಟ್ಟರಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಅಳತೆಯಾಗಿ ಇಟ್ಟಿದೆ. ಅದಕ್ಕಿಂತ ಕಡಮೆ ಬಂದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಈಚೆಗೆ ಬಂದ ಜ್ವರವೂ ಸಂಖ್ಯೆಯನ್ನು ತಗ್ಗಿಸಬಲ್ಲುದು. ಅದಕ್ಕೇ ವೈದ್ಯರು ಮತ್ತೊಮ್ಮೆ ನೋಡುತ್ತಾರೆ. ಕೆಲವು ದೋಷಗಳು ಶಸ್ತ್ರಕ್ರಿಯೆಯಿಂದಲೋ ಔಷಧಿಯಿಂದಲೋ ಸರಿಹೋಗುತ್ತವೆ. ಒಂದೇ ವೀರ್ಯಾಣುವನ್ನು ಅಂಡದೊಳಗೆ ಸೇರಿಸುವ ವಿಧಾನವೂ 1992ರಿಂದ ಬಳಕೆಗೆ ಬಂದಿದೆ.

ಒಂದು ವರುಷ ಕಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ಕಾಣುವುದು ಒಳ್ಳೆಯದು. ಗಂಡ ಸಂಕೋಚದಿಂದ ಕಳೆಯುವ ವರುಷಗಳು ಹೆಂಡತಿಯ ವಯಸ್ಸಿನಿಂದ ಸಲ್ಲುತ್ತವೆ. ಅವಳು ಬೇಡದ ಚಿಕಿತ್ಸೆಯನ್ನೂ ನೆರೆಹೊರೆಯ ಮಾತನ್ನೂ ಸಹಿಸುತ್ತಿರುವಾಗ ಅವನು ಬೆಂಚಿನ ಮೇಲೆ ಕುಳಿತಿರುವುದು ನ್ಯಾಯವಲ್ಲ. ಮೊದಲ ದಿನವೇ ಇಬ್ಬರೂ ಕೂಡಿ ಒಳಗೆ ಹೋಗಲಿ.