ವಿಪಿಎನ್ ಬೇಕೆ? ಮೊದಲು ಚಿಲಕ ನೋಡಿ

"ಅದೇನೋ ವಿಪಿಎನ್ ಅಂತಾರಲ್ಲ, ನಾವೂ ಹಾಕಿಸ್ಕೋಬೇಕಾ?" ಮನೆಗೆ ವೈಫೈ ಬಂದವರು ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ಅರ್ಥವಿದೆ. ರಾಮನಗರ ಮಾರುಕಟ್ಟೆಯಲ್ಲಿ ಮಾರಿದ ಗೂಡಿನ ದುಡ್ಡು ಈಗ ಬೀಳುವುದು ಬ್ಯಾಂಕ್ ಖಾತೆಗೆ. ಪಿಎಂ ಕಿಸಾನ್‌ನ 2,000 ರೂಪಾಯಿ ಕಂತೂ ಅಲ್ಲಿಗೇ. ಆ ಖಾತೆಯ ಕೀಲಿಕೈ ನಮ್ಮ ಜೇಬಿನ ಫೋನು!

ಉತ್ತರ ಮೊದಲೇ ಹೇಳಿಬಿಡೋಣ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಡ.

ಏನಿದು?

ಮಾಗಡಿಯಿಂದ ರಾಮನಗರಕ್ಕೆ ಗೂಡು ಒಯ್ಯುವ ಟೆಂಪೋಗೆ ಟಾರ್ಪಾಲು ಹೊದಿಸಿದ ಹಾಗೆ ವಿಪಿಎನ್. ಫೋನಿನಿಂದ ಹೊರಟ ಮಾಹಿತಿಯನ್ನು ಅದು ತನ್ನ ಕಂಪನಿಯ ಕಂಪ್ಯೂಟರ್ ತನಕ ಮುಚ್ಚಿ ಒಯ್ಯುತ್ತದೆ. ನೀವು ಯಾವ ತಾಣ ನೋಡಿದಿರೆಂದು ಇಂಟರ್‌ನೆಟ್ ಕೊಡುವವನಿಗೆ ಕಾಣದು. ಆದರೆ ವಿಪಿಎನ್ ಕಂಪನಿಗೆ ಕಾಣುತ್ತದೆ. ಒಬ್ಬನನ್ನು ನಂಬುವ ಬದಲು ಇನ್ನೊಬ್ಬನನ್ನು ನಂಬಿದಿರಿ, ಅಷ್ಟೆ.

ಬ್ಯಾಂಕ್, ಯುಪಿಐ ಆ್ಯಪ್‌ಗಳು ಮಾಹಿತಿಯನ್ನು ಮೊದಲೇ ಗುಟ್ಟಿನ ಲಿಪಿಯಲ್ಲಿ ಕಳಿಸುತ್ತವೆ. ಅಂದರೆ ಮೂಟೆಯ ಬಾಯಿ ಹೊಲಿದೇ ಗಾಡಿ ಹತ್ತುತ್ತದೆ. ಮೇಲೊಂದು ಟಾರ್ಪಾಲಿಗೆ ತಿಂಗಳ ಬಾಡಿಗೆ ಯಾಕೆ? ಬಿಟ್ಟಿ ವಿಪಿಎನ್‌ಗಳಂತೂ ಇನ್ನೂ ಅನುಮಾನದ ಸರಕು. ನಾವು ನೋಡಿದ್ದನ್ನು ಮಾರಿಯೇ ಹೊಟ್ಟೆ ಹೊರೆಯುವಂಥವೂ ಅವುಗಳಲ್ಲಿವೆ.

ಕಳ್ಳನ ದಾರಿ ಬೇರೆ

ದುಡ್ಡು ಹೋಗುವುದು ದಾರಿಯಲ್ಲಲ್ಲ, ಬಾಗಿಲಲ್ಲಿ. ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ ಬರುತ್ತದೆ. ಒತ್ತಿ ಹಾಕಿಕೊಂಡರೆ ನಮ್ಮ ಮೆಸೇಜು, ಓಟಿಪಿ ಎಲ್ಲಾ ಕಳ್ಳನ ಕೈಗೆ. "ಬ್ಯಾಂಕಿನಿಂದ ಮಾತಾಡ್ತಿದೀವಿ" ಅಂತ ಫೋನು ಬರುತ್ತದೆ, ನಾವೇ ಓಟಿಪಿ ಓದಿ ಹೇಳುತ್ತೇವೆ. ಸರಕನ್ನು ಮೋಸಗಾರನಿಗೆ ನಾವೇ ತೂಗಿ ಕೊಟ್ಟ ಮೇಲೆ ಟಾರ್ಪಾಲು ಏನು ಮಾಡೀತು?

ಫೋನೇ ಮುಟ್ಟದ ಕಳ್ಳತನವೂ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳ ಬೆರಳಚ್ಚು ಕದ್ದು, ಆಧಾರ್ ಮೂಲಕ ಖಾತೆಯಿಂದ ಹಣ ಎತ್ತಿದ ಪ್ರಕರಣಗಳು ಬಯಲಾದವು. ಇದನ್ನೂ ವಿಪಿಎನ್ ತಡೆಯದು.

ಹೀಗೆ ಮಾಡಿ

* ಎಪಿಕೆ ಫೈಲ್ ಯಾರೇ ಕಳಿಸಲಿ, ನೆಂಟರೇ ಕಳಿಸಲಿ, ಒತ್ತಬೇಡಿ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದಲೇ ತೆಗೆದುಕೊಳ್ಳಿ.
* ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಕೆಲಸವೇ ಇಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ ಎಂದೇ ತಿಳಿಯಿರಿ.
* ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಿ. ಪಡಿತರಕ್ಕೋ ನೋಂದಣಿಗೋ ಹೋಗುವಾಗ ತೆಗೆದರಾಯಿತು.
* ವೈಫೈ ಪೆಟ್ಟಿಗೆಗೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ಫೋನಿನ ಅಪ್‌ಡೇಟ್ ಮುಂದೂಡಬೇಡಿ.
* ಗೂಡಿನ ದುಡ್ಡು ಬೀಳುವ ಖಾತೆ ಒಂದಿರಲಿ, ಯುಪಿಐಗೆ ಬೇರೆ ಸಣ್ಣ ಖಾತೆ ಇರಲಿ. ಹೋದರೂ ಕೊಂಚವೇ ಹೋದೀತು.

ಯಾರಿಗೆ ಬೇಕು?

ಕನಕಪುರದ ಹಳ್ಳಿಯಲ್ಲೋ ಚನ್ನಪಟ್ಟಣದಲ್ಲೋ ಕೂತು ಬೆಂಗಳೂರಿನ ಆಫೀಸು ಕೆಲಸ ಮಾಡುವ ಮಕ್ಕಳಿಗೆ ವಿಪಿಎನ್ ಬೇಕಾಗಬಹುದು. ಅದನ್ನು ಅವರ ಕಂಪನಿಯೇ ಕೊಡುತ್ತದೆ. ರೈಲು ನಿಲ್ದಾಣದ ಬಿಟ್ಟಿ ವೈಫೈ ಬಗ್ಗೆ ಭಯವೇ? ಹಣದ ವ್ಯವಹಾರದ ಹೊತ್ತಿಗೆ ಸ್ವಂತ ಮೊಬೈಲ್ ಡೇಟಾ ಹಾಕಿಕೊಳ್ಳಿ, ಸಾಕು.

ಇಷ್ಟಾಗಿಯೂ ದುಡ್ಡು ಹೋಯಿತೇ? ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಜಾರುವ ಮೊದಲೇ ತಡೆಹಿಡಿಸಲು ದಾರಿಯಿದೆ. ನಾಳೆ ನೋಡೋಣ ಅಂದರೆ ಕೈಮೀರೀತು. ಈ ನಂಬರನ್ನು ಮನೆಯವರೆಲ್ಲರ ಫೋನಿನಲ್ಲೂ ಇವತ್ತೇ ಬರೆದಿಡಿ.