ಪರನಾಡಿನಲ್ಲೊಬ್ಬ ಅಧ್ಯಾಪಕ

ಪರಿಚಿತವಾದ ನಾಡನ್ನು ಬಿಟ್ಟು ಪರನಾಡಿನಲ್ಲಿ ನೆಲೆ ನಿಲ್ಲುವುದು ಸುಲಭವಲ್ಲ. ಅಲ್ಲಿನ ಹವೆ ಬೇರೆ, ಆಹಾರ ಬೇರೆ, ನುಡಿ ಬೇರೆ, ನಡೆ ಬೇರೆ. ವ್ಯಾಪಾರಕ್ಕೆಂದು ಹೋದವನು ಅಂಗಡಿಗೆ ಬೇಕಾದಷ್ಟು ಮಾತು ಕಲಿತರೆ ಅವನ ಕೆಲಸ ಸಾಗುತ್ತದೆ. ಅಧ್ಯಾಪಕನಾಗಿ ಹೋದವನ ಪಾಡು ಹಾಗಲ್ಲ. ಆ ನಾಡಿನ ಮಕ್ಕಳ ಮನಸ್ಸನ್ನು ಅರಿಯದೆ ಅವನು ಒಂದು ಪಾಠವನ್ನೂ ಚೆನ್ನಾಗಿ ಹೇಳಲಾರನು. ಲಫ್ಕಾಡಿಯೊ ಹರ್ನನ ಬಾಳು ಇದಕ್ಕೆ ಒಳ್ಳೆಯ ನಿದರ್ಶನ.

ಹರ್ನನು ೧೮೫೦ರಲ್ಲಿ, ಈಗ ಗ್ರೀಸಿಗೆ ಸೇರಿರುವ ಲೆಫ್ಕಾಡ ದ್ವೀಪದಲ್ಲಿ ಜನಿಸಿದನು. ತಂದೆ ಐರ್ಲೆಂಡಿನವನು, ತಾಯಿ ಗ್ರೀಕ್ ಮಹಿಳೆ. ಬಾಲ್ಯದಲ್ಲಿಯೇ ತಂದೆತಾಯಿಗಳ ಆಸರೆ ತಪ್ಪಿತು. ಶಾಲೆಯಲ್ಲಿ ಆಡುವಾಗ ಪೆಟ್ಟು ತಗುಲಿ ಎಡಗಣ್ಣಿನ ದೃಷ್ಟಿ ಹೋಯಿತು. ಮುಂದೆ ಅಮೆರಿಕಕ್ಕೆ ಹೋಗಿ ಪತ್ರಿಕೆಗಳಲ್ಲಿ ದುಡಿದನು. ೧೮೯೦ರ ಏಪ್ರಿಲಿನಲ್ಲಿ ಲೇಖನಗಳನ್ನು ಬರೆಯಲೆಂದು ಜಪಾನಿಗೆ ಬಂದನು. ಆದರೆ ಪ್ರಕಾಶಕರೊಡನೆ ಮನಸ್ತಾಪ ಬೆಳೆದು ಆ ಕೆಲಸ ಕೈಬಿಟ್ಟಿತು. ಆಗ ಜಪಾನ್ ಪಾಶ್ಚಾತ್ಯ ವಿದ್ಯೆಯನ್ನು ಕಲಿಯಲು ಹೊರನಾಡಿನ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ಪರಿಚಿತರ ನೆರವಿನಿಂದ ಮಾತ್ಸುಯೆ ಪಟ್ಟಣದ ಮಾಧ್ಯಮಿಕ ಶಾಲೆಯಲ್ಲಿಯೂ ಶಿಕ್ಷಕರ ತರಬೇತಿ ಶಾಲೆಯಲ್ಲಿಯೂ ಅವನಿಗೆ ಇಂಗ್ಲಿಷ್ ಕಲಿಸುವ ಉದ್ಯೋಗ ದೊರೆಯಿತು. ಅವನಿಗೆ ಆಗ ನಲವತ್ತು ವರ್ಷ. ಜಪಾನಿ ಭಾಷೆ ಬಾರದು.

ಮಾತ್ಸುಯೆ ಸರೋವರದ ದಡದಲ್ಲಿರುವ ಹಳೆಯ ಕೋಟೆಯ ಊರು. ಹರ್ನನು ಮೊದಲು ಹೊಳೆಯ ಬಳಿಯ ಒಂದು ವಸತಿಗೃಹದಲ್ಲಿ ಇಳಿದುಕೊಂಡನು. ಮುಂಜಾನೆ ಭತ್ತ ಕುಟ್ಟುವ ಸದ್ದು, ಆಮೇಲೆ ದೇಗುಲದ ಗಂಟೆ, ತರಕಾರಿ ಮಾರುವವರ ಕೂಗು. ಹೊಳೆಯ ದಡದಲ್ಲಿ ಮುಖ ತೊಳೆದ ಜನರು ಮೂಡುವ ಸೂರ್ಯನತ್ತ ತಿರುಗಿ ಕೈತಟ್ಟಿ ವಂದಿಸುತ್ತಿದ್ದರು. ಮಾತು ತಿಳಿಯದ ಆ ದಿನಗಳಲ್ಲಿ ಅವನ ಕಿವಿಯೇ ಅವನಿಗೆ ಗುರುವಾಯಿತು.

ಶಾಲೆಯಲ್ಲಿ ಅವನಿಗೆ ಆಧಾರವಾದವನು ಹಿರಿಯ ಅಧ್ಯಾಪಕ ನಿಶಿದ ಸೆಂತಾರೊ. ಶಾಲೆಯ ಕ್ರಮಗಳನ್ನು ತಿಳಿಸಿ, ಬೇಕಾದಾಗ ದುಭಾಷಿಯಾಗಿ ನಿಂತು, ಅವನು ಹರ್ನನ ಆಪ್ತಮಿತ್ರನಾದನು. ಜಪಾನೀಯರ ನಾಲಗೆಯಲ್ಲಿ ಹರ್ನ್ ‘ಹೆರುನ್’ ಆಯಿತು. ಅವನು ಅದನ್ನು ತಿದ್ದಲು ಹೋಗದೆ ತನ್ನ ಹೆಸರೆಂದೇ ಒಪ್ಪಿಕೊಂಡನು.

ಪಾಠದಲ್ಲಿಯೂ ಅವನು ಕಲಿಯಬೇಕಾದುದು ಬಹಳವಿತ್ತು. ಫುಜಿ ಪರ್ವತವನ್ನು ಕುರಿತು ಪ್ರಬಂಧ ಬರೆಯಿರೆಂದರೆ, ಬಹುಮಂದಿ ವಿದ್ಯಾರ್ಥಿಗಳು ಅದನ್ನು ಆಕಾಶದಿಂದ ತಲೆಕೆಳಗಾಗಿ ತೂಗುವ, ಅರ್ಧ ಬಿಚ್ಚಿದ ಬಿಳಿಯ ಬೀಸಣಿಗೆಗೆ ಹೋಲಿಸುತ್ತಿದ್ದರು. ಒಬ್ಬನನ್ನು ನೋಡಿ ಇನ್ನೊಬ್ಬ ಬರೆದನೆಂದು ಹೊಸಬನಿಗೆ ತೋರುವುದು ಸಹಜ. ಆದರೆ ತಲೆಮಾರುಗಳಿಂದ ಬಂದ ಕಲ್ಪನೆಗಳು ಆ ಮಕ್ಕಳೆಲ್ಲರ ಸಮಾನ ಆಸ್ತಿಯೆಂಬುದನ್ನು ಹರ್ನನು ಕಂಡುಕೊಂಡನು. ಮನೆಗೆ ಬಂದ ವಿದ್ಯಾರ್ಥಿಗಳು ನಮಸ್ಕರಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದರು. ಆ ಮೌನ ಬೇಸರವಲ್ಲ, ಗೌರವ ಎಂಬುದನ್ನೂ ಅವನು ತಿಳಿದನು.

ಚಳಿಗಾಲ ಬಂದಿತು. ಕಾಗದದ ಕದಗಳ ಆ ಮನೆಗಳಲ್ಲಿ ಇದ್ದಿಲ ಕೆಂಡದ ಪಾತ್ರೆಯ ಹೊರತು ಬೇರೆ ಕಾವಿಲ್ಲ. ಹರ್ನನು ಕಾಯಿಲೆ ಬಿದ್ದನು. ಬಡತನಕ್ಕಿಳಿದಿದ್ದ ಸಮುರಾಯಿ ಮನೆತನದ ಕೊಯಿಜುಮಿ ಸೆತ್ಸು ೧೮೯೧ರಲ್ಲಿ ಅವನ ಮನೆವಾರ್ತೆ ನೋಡಿಕೊಳ್ಳಲು ಬಂದು, ಮುಂದೆ ಅವನ ಬಾಳಸಂಗಾತಿಯಾದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದ್ದರಿಂದ ಇಬ್ಬರೂ ಸೇರಿ ಸರಳವಾದ ಹರುಕುಮುರುಕು ಜಪಾನಿಯೊಂದನ್ನು ರೂಢಿಸಿಕೊಂಡರು. ಅವಳು ಹಳೆಯ ಕಥೆಗಳನ್ನು ಹೇಳುವಾಗ, ಪುಸ್ತಕ ನೋಡದೆ ನಿನ್ನ ಮಾತಿನಲ್ಲಿಯೇ ಹೇಳೆಂದು ಅವನು ಕೇಳುತ್ತಿದ್ದನು. ೧೯೦೪ರಲ್ಲಿ ಪ್ರಕಟವಾದ ಅವನ ‘ಕ್ವೈದಾನ್’ ಎಂಬ ಕಥಾಸಂಗ್ರಹದ ಹಿಂದೆ ಅವಳ ಈ ನೆರವಿದೆ.

ಶಾಲೆಯ ದಿನಗಳಲ್ಲಿ ದುಃಖವೂ ಇತ್ತು. ಅವನ ಮೆಚ್ಚಿನ ವಿದ್ಯಾರ್ಥಿಯೊಬ್ಬನು ಕಾಯಿಲೆಯಿಂದ ಮರಣಶಯ್ಯೆ ಹಿಡಿದನು. ಶಾಲೆಯನ್ನು ಇನ್ನೊಮ್ಮೆ ನೋಡಬೇಕೆಂದು ಅವನು ಹಂಬಲಿಸಲು, ಸೇವಕನೊಬ್ಬನು ರಾತ್ರಿಯ ಕತ್ತಲೆಯಲ್ಲಿಯೇ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಯನ್ನು ತೋರಿಸಿ ತಂದನು. ಹರ್ನನು ತನ್ನ ಅಧ್ಯಾಪಕ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಒಂದು ವರ್ಷದ ಹಿಂದೆ ಯಾರೂ ಆಗಿರದ ಆ ಬಾಲಕನು, ಅವನಿಗೆ ಈಗ ತನ್ನವನಾಗಿದ್ದನು.

ಹರ್ನನು ಮಾತ್ಸುಯೆಯಲ್ಲಿ ಇದ್ದುದು ಹದಿನೈದು ತಿಂಗಳು ಮಾತ್ರ. ೧೮೯೧ರ ನವೆಂಬರಿನಲ್ಲಿ, ಅಷ್ಟು ಚಳಿಯಿಲ್ಲದ ಕುಮಾಮೊಟೊ ನಗರದ ಶಾಲೆಗೆ ಹೋದನು. ಅಲ್ಲಿ ಹಿಂದಿನ ಆತ್ಮೀಯತೆ ಸಿಗಲಿಲ್ಲ. ಜಪಾನಿ ಭಾಷೆಯನ್ನು ನಿರರ್ಗಳವಾಗಿ ಓದುವುದು ಅವನಿಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ. ಆದರೂ ಹೆಂಡತಿ ಮಕ್ಕಳ ಭವಿಷ್ಯಕ್ಕಾಗಿ ೧೮೯೬ರಲ್ಲಿ ಜಪಾನಿನ ಪೌರತ್ವ ಪಡೆದು, ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ಧರಿಸಿದನು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ೧೯೦೩ರವರೆಗೆ ಇಂಗ್ಲಿಷ್ ಸಾಹಿತ್ಯ ಬೋಧಿಸಿ, ಮರುವರ್ಷ ಅದೇ ನಗರದಲ್ಲಿ ನಿಧನನಾದನು.

ಮಾತ್ಸುಯೆಯ ಕೋಟೆಯ ಕಂದಕದ ಬಳಿ ಹರ್ನನು ವಾಸವಾಗಿದ್ದ ಮನೆಯನ್ನು ಜನರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಕಲಿಸಲೆಂದು ಬಂದವನು ಮೊದಲು ತಾನು ಕಲಿಯಲು ಕುಳಿತನು. ಆದುದರಿಂದಲೇ ಆ ಊರು ಅವನನ್ನು ಹೊರಗಿನವನೆಂದು ಎಣಿಸಲಿಲ್ಲ.